ಐವರಿ ಕೋಸ್ಟ್ ಕಾಫಿ ಕೆಡುವುದು ಗಿಡದಲ್ಲಲ್ಲ, ಕಣದಲ್ಲಿ

ಮಾನ್ಯ ಸಂಪಾದಕರೇ,

ಭಾನುವಾರದ ನಿಮ್ಮ ವಾಣಿಜ್ಯ ಪುಟದಲ್ಲಿ ಪಶ್ಚಿಮ ಆಫ್ರಿಕದ ಕಾಫಿಯ ಬಗ್ಗೆ ಬಂದ ಲೇಖನ ಓದಿದೆವು. ಐವರಿ ಕೋಸ್ಟ್‌ನ ಮಣ್ಣು ಸವೆದುಹೋಗಿದೆ, ಅಲ್ಲಿನ ರೊಬಸ್ಟಾ ಜಾತಿಯ ಕಾಫಿ ಹುಟ್ಟಿನಿಂದಲೇ ಕೀಳು, ಆದರೂ ಜಮೀನು ಅಗ್ಗವಾದ್ದರಿಂದ ಮುಂಬಯಿ, ಪುಣೆಯ ಕನ್ನಡಿಗ ಹೂಡಿಕೆದಾರರು ಅಲ್ಲಿ ತೋಟ ಕೊಂಡುಕೊಳ್ಳಬಹುದು ಎಂಬುದು ಅದರ ಸಾರಾಂಶ. ಮೂರು ಮಾತೂ ಸರಿಯಲ್ಲ. ಹಸಿ ಗೋಡಂಬಿಯ ವ್ಯಾಪಾರದಿಂದಾಗಿ ಮಂಗಳೂರು, ಗೋವಾ ಕಡೆಯವರಿಗೆ ಆ ದೇಶ ಹೊಸದೇನಲ್ಲ. ಗೋಡಂಬಿ ತರಿಸುತ್ತಿದ್ದವರೇ ಈಗ ಕಾಫಿಯನ್ನೂ ವಿಚಾರಿಸುತ್ತಿದ್ದಾರೆ. ಅವರು ಹಣ ಹಾಕುವ ಮೊದಲು ವಿಷಯ ತಿಳಿದಿರಲಿ ಎಂದು ಈ ಪತ್ರ.

ಜಮೀನಿನ ಮಾತು ಮೊದಲು ಮುಗಿಸುತ್ತೇವೆ. 1998ರ ಗ್ರಾಮೀಣ ಭೂ ಕಾಯ್ದೆಯ ಪ್ರಕಾರ ಅಲ್ಲಿ ಹಳ್ಳಿಯ ಜಮೀನಿನ ಒಡೆತನ ಸರ್ಕಾರಕ್ಕೆ, ಸರ್ಕಾರಿ ಸಂಸ್ಥೆಗಳಿಗೆ ಮತ್ತು ಆ ದೇಶದ ಪ್ರಜೆಗಳಿಗೆ ಮಾತ್ರ. ಹೊರದೇಶದವರಿಗೆ ಸಿಗುವುದು ಗುತ್ತಿಗೆ. 2002ರಲ್ಲಿ ಶುರುವಾದ ಅಂತರ್ಯುದ್ಧಕ್ಕೆ ಜಮೀನಿನ ಜಗಳವೂ ಒಂದು ಕಾರಣ. ‘ಅಗ್ಗದ ಜಮೀನು’ ಎಂದು ಬರೆಯುವ ಮುನ್ನ ಇಷ್ಟನ್ನಾದರೂ ಓದುಗರಿಗೆ ಹೇಳಬೇಕಿತ್ತು.

ಇನ್ನು ಮಣ್ಣು. 1970ರ ದಶಕದಲ್ಲಿ ಬ್ರೆಜಿಲ್, ಕೊಲಂಬಿಯಾ ಬಿಟ್ಟರೆ ಕಾಫಿಯಲ್ಲಿ ಮೂರನೆಯ ಸ್ಥಾನ ಐವರಿ ಕೋಸ್ಟ್‌ನದು. ಒಳ್ಳೆಯ ವರ್ಷಗಳಲ್ಲಿ 3 ಲಕ್ಷ ಟನ್ ದಾಟುತ್ತಿದ್ದ ಬೆಳೆ ಈಗ ಅದರ ಮೂರನೇ ಒಂದು ಪಾಲನ್ನು ಮುಟ್ಟಲೂ ಒದ್ದಾಡುತ್ತಿದೆ. ಆದರೆ ಅದೇ ಸೀಮೆಯ ಮಣ್ಣಿನಲ್ಲಿ ಅದೇ ರೈತರು ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುತ್ತಿದ್ದಾರೆ, ರಬ್ಬರ್ ಹಾಕಿದ್ದಾರೆ. ಕಾಫಿಯನ್ನು ಅವರು ಬಿಟ್ಟದ್ದು ಬೆಲೆ ಬಿದ್ದದ್ದಕ್ಕೆ. 1989ರ ಜುಲೈನಲ್ಲಿ ಯಾವ ದೇಶ ಎಷ್ಟು ರಫ್ತು ಮಾಡಬೇಕೆಂದು ಗೊತ್ತುಮಾಡುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು, ಆಮೇಲೆ ವರ್ಷಗಟ್ಟಲೆ ದರ ಮೇಲೇಳಲಿಲ್ಲ. ತೋಟ ಕಡಿದು ಹಾಕಿದವರಿಗಿಂತ ಗಿಡ ಹಾಗೆಯೇ ಬಿಟ್ಟು ಕೈತೊಳೆದುಕೊಂಡವರು ಹೆಚ್ಚು. ಇಂದಿನ ಕಡಿಮೆ ಇಳುವರಿಯ ಮೂಲ ಇಲ್ಲಿದೆ: ಹೆಕ್ಟೇರಿಗೆ 300 ಕಿಲೋ ಬೀಜ ಕಾಣುವುದೂ ಕಷ್ಟ ಎನ್ನುವ ತೋಟಗಳಲ್ಲಿ ಇರುವುದು ಮುದಿ ಗಿಡಗಳು.

ನಮ್ಮಲ್ಲಿ ರೊಬಸ್ಟಾವನ್ನು ಒಂದೇ ಕಾಂಡದಲ್ಲಿ ಬಿಟ್ಟು, ತುದಿ ಕತ್ತರಿಸಿ, ವರ್ಷ ವರ್ಷ ರೆಂಬೆ ಸವರುತ್ತೇವೆ. ಅಲ್ಲಿರುವುದು ಹಲವು ಕಾಂಡದ ಪದ್ಧತಿ. ಕೈಬಿಟ್ಟರೆ ಕಾಂಡಗಳು ಬೆಳಕಿಗಾಗಿ ಮೇಲಕ್ಕೆ ಓಡಿ, ಕೆಳಗೆಲ್ಲ ಬೋಳಾಗಿ, ಕೈಗೆಟುಕದ ತುದಿಯಲ್ಲಿ ಮಾತ್ರ ಕಾಯಿ ಕಟ್ಟುತ್ತದೆ. ಇದಕ್ಕೆ ಮದ್ದು ಬುಡ ಕಡಿಯುವುದು. ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮುನ್ನ, ನೆಲದಿಂದ 30–40 ಸೆಂ.ಮೀ. ಎತ್ತರದಲ್ಲಿ ಕಾಂಡವನ್ನು ಗರಗಸದಿಂದ ಓರೆಯಾಗಿ ಕತ್ತರಿಸಬೇಕು. ನೆಟ್ಟಗೆ ಕತ್ತರಿಸಿದರೆ ನೀರು ನಿಂತು ಬೊಡ್ಡೆ ಕೊಳೆಯುತ್ತದೆ. ಎಲ್ಲ ಕಾಂಡಗಳನ್ನೂ ಒಟ್ಟಿಗೆ ಕಡಿಯಬಾರದು, ಬೇರಿಗೆ ಜೀವ ಇರಲೆಂದು ಒಂದನ್ನು ಉಳಿಸಿ, ಹೊಸ ಚಿಗುರು ಗಟ್ಟಿಯಾದ ಮೇಲೆ ಅದನ್ನೂ ತೆಗೆಯಬೇಕು. ಬುಡದ ಸುತ್ತ ಏಳುವ ಹತ್ತಾರು ಚಿಗುರುಗಳಲ್ಲಿ ಕೆಳಗಿನಿಂದ, ಹೊರಮುಖವಾಗಿ, ಒಂದಕ್ಕೊಂದು ದೂರದಲ್ಲಿ ಬಂದ ಮೂರರಿಂದ ಐದನ್ನು ಇಟ್ಟುಕೊಂಡು ಉಳಿದದ್ದನ್ನು ಕೈಯಲ್ಲೇ ಕಿತ್ತು ಹಾಕಬೇಕು. ಈ ಚಿಗುರು ತೆಗೆಯುವ ಕೆಲಸ ತಪ್ಪಿದರೆ ಕಡಿದದ್ದೇ ದಂಡ, ಎರಡು ವರ್ಷದಲ್ಲಿ ಗಿಡ ಪೊದೆಯಾಗುತ್ತದೆ. ಮೊದಲ ವರ್ಷ ಬೆಳೆಯಿಲ್ಲ, ಎರಡನೆಯ ವರ್ಷ ಅಲ್ಪಸ್ವಲ್ಪ, ಮೂರನೆಯ ವರ್ಷದಿಂದ ಪೂರ್ತಿ. ಆ ಒಂದು ವರ್ಷದ ಖಾಲಿ ಕೈಯನ್ನು ತಡೆದುಕೊಳ್ಳಲಾಗದೆ ಸಣ್ಣ ರೈತ ಹಿಂಜರಿಯುತ್ತಾನೆ. ಆದ್ದರಿಂದ ತೋಟವನ್ನು ನಾಲ್ಕು ಪಾಲು ಮಾಡಿ ವರ್ಷಕ್ಕೊಂದು ಪಾಲು ಕಡಿಯುವುದು ಒಳ್ಳೆಯದು.

ಸತ್ತ ಗಿಡದ ಜಾಗಕ್ಕೆ ಹೊಸದು ನೆಡುವವರು ಒಂದು ಮಾತು ನೆನಪಿಡಬೇಕು. ರೊಬಸ್ಟಾ ಹೂವಿಗೆ ತನ್ನದೇ ಪರಾಗ ಕೂಡುವುದಿಲ್ಲ. ಒಂದೇ ತಾಯಿಗಿಡದ ಕಡ್ಡಿಯಿಂದ ಮಾಡಿದ ಸಸಿಗಳನ್ನೇ ತೋಟವಿಡೀ ನೆಟ್ಟರೆ ಹೂ ತುಂಬಿ ನಿಂತೀತು, ಕಾಯಿ ಕಚ್ಚದು. ನಾಲ್ಕೈದು ಬೇರೆ ಬೇರೆ ಮೂಲದ ಸಸಿಗಳನ್ನು ಬೆರೆಸಿ ನೆಡಬೇಕು.

ಹುಟ್ಟಿನಿಂದಲೇ ಕೀಳು ಎನ್ನುವುದಂತೂ ನೋವಿನ ಮಾತು. ಕೊಡಗಿನ ರೊಬಸ್ಟಾ ಕೂಡ ಆಫ್ರಿಕದ ಕಾಡಿನ ಸಂತಾನವೇ. ಚಿಕ್ಕಮಗಳೂರಿನವರು ಹೆಮ್ಮೆಪಡುವ ಎಸ್.795 ಎಂಬ ಅರೇಬಿಕಾ ತಳಿಯಲ್ಲಿ ಲೈಬೀರಿಕ ಎಂಬ ಇನ್ನೊಂದು ಕಾಫಿ ಜಾತಿಯ ರಕ್ತವಿದೆ, ಆ ಲೈಬೀರಿಕ ಪಶ್ಚಿಮ ಆಫ್ರಿಕದ್ದು. ಪಕ್ಕದ ಗಿನಿ ದೇಶದ ಮಸೆಂಟಾ ಸುತ್ತಿನಲ್ಲಿ ಬೆಳೆಯುವ ರೊಬಸ್ಟಾ ‘ಜಿಯಾಮಾ-ಮಸೆಂಟಾ’ ಎಂಬ ಹೆಸರಿನಲ್ಲಿ 2013ರಲ್ಲೇ ಭೌಗೋಳಿಕ ಗುರುತು (ಜಿಐ) ಪಡೆದಿದೆ. ಜಾತಿ ಅದೇ, ಸೀಮೆಯೂ ಹತ್ತಿರದ್ದೇ. ವ್ಯತ್ಯಾಸ ಬರುವುದು ಹಣ್ಣು ಗಿಡದಿಂದ ಇಳಿದ ಮೇಲೆ.

ಐವರಿ ಕೋಸ್ಟ್‌ನಲ್ಲಿ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ. ದಕ್ಷಿಣ ಭಾಗದಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಏಪ್ರಿಲ್‌ನಿಂದ ಜುಲೈವರೆಗೆ ದೊಡ್ಡದು, ಅಕ್ಟೋಬರ್–ನವೆಂಬರಿನಲ್ಲಿ ಚಿಕ್ಕದು. ಈ ಚಿಕ್ಕ ಮಳೆಯ ಬಾಲ ಕೊಯ್ಲಿನ ತಲೆಗೆ ತಾಗುತ್ತದೆ. ಡಿಸೆಂಬರಿನಲ್ಲಿ ಸಹಾರಾ ಕಡೆಯಿಂದ ಹರ್ಮಟಾನ್ ಒಣಗಾಳಿ ಬೀಸಲು ಶುರುವಾದರೆ ಒಣಗಿಸುವುದು ಸುಲಭ, ಮೊದಲ ಹಣ್ಣಿನದೇ ಗೋಳು. ಅದರ ಮೇಲೆ ಆಳಿನ ಅಭಾವದಿಂದ ಗೆಲ್ಲು ಬಾಚಿ ಹಸಿರು, ಅರೆಹಣ್ಣು, ಹಣ್ಣು, ಒಣಗಾಯಿ ಎಲ್ಲ ಒಂದೇ ಬುಟ್ಟಿಗೆ. ಅರೇಬಿಕಾ ಹಾಗೆ ರೊಬಸ್ಟಾ ಹಣ್ಣು ಬೇಗ ಉದುರುವುದಿಲ್ಲ, ಗಿಡದಲ್ಲೇ ಕಾಯಬಹುದು. ಆದ್ದರಿಂದ ಈ ಅವಸರಕ್ಕೆ ಬೆಳೆಯ ಕಡೆಯಿಂದ ಕಾರಣವಿಲ್ಲ, ಹಣದ ತುರ್ತು ಮಾತ್ರ.

ಕೊಯ್ದ ಹಣ್ಣನ್ನು ಗೋಣಿಯಲ್ಲಿ ಕಟ್ಟಿಟ್ಟರೆ ಒಂದೇ ರಾತ್ರಿಯಲ್ಲಿ ಬಿಸಿಯೇರಿ ಹುಳಿಯುತ್ತದೆ. ಅಂದೇ ಹರಡಬೇಕು. ಸಿಮೆಂಟ್ ಕಣ, ಎತ್ತರಿಸಿದ ಜಾಲರಿ ಮಂಚ, ಕಡೇಪಕ್ಷ ಚಾಪೆ ಬೇಕು. ಬರಿ ನೆಲ ಬೇಡವೇ ಬೇಡ. ಪದರ 4–5 ಸೆಂ.ಮೀ. ದಾಟಬಾರದು. ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಬೇಕು. ಮೊದಲ ಮೂರು ನಾಲ್ಕು ದಿನ ಇದರಲ್ಲಿ ಸೋಮಾರಿತನ ಸಲ್ಲದು, ಬೂಷ್ಟು ಹಿಡಿಯುವುದು ಆಗಲೇ. ಸಿಪ್ಪೆ ಸುಕ್ಕುಗಟ್ಟಿದ ಮೇಲೆ ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಿ, ಬೆಳಗ್ಗೆ ಬಿಸಿಲು ಬಂದ ಕೂಡಲೇ ಬಿಚ್ಚಬೇಕು. ತಡವಾದರೆ ಟಾರ್ಪಾಲಿನ ಒಳಮೈಯಲ್ಲಿ ಬೆವರಿದ ನೀರು ಮತ್ತೆ ಚೆರ್ರಿಗೇ (ಸಿಪ್ಪೆಸಮೇತ ಒಣಗುವ ಹಣ್ಣಿಗೇ) ಇಳಿಯುತ್ತದೆ. 15–20 ದಿನದಲ್ಲಿ ತೇವಾಂಶ ಶೇ. 12ಕ್ಕೆ ಬರುತ್ತದೆ. ಮೀಟರ್ ಇಲ್ಲದವರು ಒಂದು ಹಿಡಿ ಚೆರ್ರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ: ಬೀಜ ಒಳಗೆ ಗಲಗಲ ಎನ್ನಬೇಕು, ಹಲ್ಲಿನಲ್ಲಿ ಕಚ್ಚಿದರೆ ಗುರುತು ಬೀಳಬಾರದು. ಅರೆ ಒಣಗಿದ್ದು ಮತ್ತೆ ನೆನೆದರೆ ಆ ರಾಶಿಯನ್ನು ಬೇರೆ ಇಡಬೇಕು, ಒಳ್ಳೆಯದಕ್ಕೆ ಬೆರೆಸಲೇಬಾರದು.

ಬರಿ ನೆಲದಲ್ಲಿ ಒಣಗಿದ್ದಕ್ಕೆ ಮಣ್ಣಿನ ವಾಸನೆ ಹತ್ತುವುದು ಒಂದು. ಅದಕ್ಕಿಂತ ದೊಡ್ಡದು ಆಸ್ಪರ್ಜಿಲಸ್ ಜಾತಿಯ ಬೂಷ್ಟು ಬಿಡುವ ಆಕ್ರಾಟಾಕ್ಸಿನ್ ಎಂಬ ವಿಷ. ಹುರಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಐರೋಪ್ಯ ಒಕ್ಕೂಟ 2023ರಿಂದ ಇದರ ಮಿತಿಯನ್ನು ಹುರಿದ ಕಾಫಿಯಲ್ಲಿ ಕಿಲೋಗೆ 3 ಮೈಕ್ರೋಗ್ರಾಂ, ಇನ್‌ಸ್ಟಂಟ್ ಪುಡಿಯಲ್ಲಿ 5 ಮೈಕ್ರೋಗ್ರಾಂಗೆ ಇಳಿಸಿದೆ. ಈ ವಿಷ ಬೀಜಕ್ಕಿಂತ ಸಿಪ್ಪೆಯಲ್ಲಿ ಹೆಚ್ಚು. ಹಳ್ಳಿಯ ಸಣ್ಣ ಹಲ್ಲರ್‌ನಲ್ಲಿ ಸಿಪ್ಪೆ ಸುಲಿಸಿದ ಬೀಜದ ಜೊತೆ ಸಿಪ್ಪೆಯ ಚೂರು ಉಳಿದಿದ್ದರೆ ಒಳ್ಳೆಯ ಬೀಜದ ಲಾಟ್ ಕೂಡ ಪರೀಕ್ಷೆಯಲ್ಲಿ ಬೀಳುತ್ತದೆ.

ಹಾಗಾದರೆ ರೈತ ಏಕೆ ಸರಿಯಾಗಿ ಒಣಗಿಸುವುದಿಲ್ಲ? ಅವನಿಗೆ ಗೊತ್ತಿಲ್ಲವೆಂದಲ್ಲ. ಅಲ್ಲಿ ತೋಟದ ಬಾಗಿಲ ದರವನ್ನು, ಅಂದರೆ ರೈತನ ಕೈಗೆ ಸಿಗಬೇಕಾದ ಬೆಲೆಯನ್ನು, ಸರ್ಕಾರವೇ ಗೊತ್ತುಮಾಡುತ್ತದೆ. ಹಿಂದೆ ಈ ಕೆಲಸಕ್ಕಿದ್ದ ಸ್ಥಿರೀಕರಣ ನಿಧಿಯನ್ನು 1999ರಲ್ಲಿ ಮುಚ್ಚಲಾಯಿತು, 2012ರಿಂದ ಕಾಫಿ-ಕೋಕೋ ಮಂಡಳಿ ದರ ಪ್ರಕಟಿಸುತ್ತಿದೆ. ಎಲ್ಲರಿಗೂ ಒಂದೇ ದರ ಎಂದಾದಾಗ, ಇಪ್ಪತ್ತು ದಿನ ಕೈಯಾಡಿಸಿದವನಿಗೂ ನೆಲಕ್ಕೆ ಸುರಿದು ಮಲಗಿದವನಿಗೂ ಸಿಗುವ ದುಡ್ಡು ಒಂದೇ. ಹೀಗಿರುವಾಗ ಅವನನ್ನು ದೂರುವುದು ನ್ಯಾಯವಲ್ಲ. ಅಲ್ಲಿ ವ್ಯವಹಾರ ಮಾಡಬೇಕೆನ್ನುವವರು ಜಮೀನಿನ ಆಸೆ ಬಿಟ್ಟು, ರೈತರ ಸಹಕಾರ ಸಂಘದೊಂದಿಗೆ ಕರಾರು ಮಾಡಿಕೊಂಡು, ಜಾಲರಿ ಮಂಚಕ್ಕೂ ತೇವಾಂಶದ ಮೀಟರಿಗೂ ದುಡ್ಡು ಹಾಕಿ, ಹಣ್ಣನ್ನೇ ಆರಿಸಿ ಒಣಗಿಸಿದ ಚೆರ್ರಿಗೆ ನಿಗದಿತ ದರದ ಮೇಲೆ ಹೆಚ್ಚುವರಿ ಕೊಡಲಿ. ನಮಗೆ ಕಾಣುವ ದಾರಿ ಇದೊಂದೇ.

ಮಾದರಿ ಬಂದಾಗ 300 ಗ್ರಾಂ ತೂಗಿ ಕಪ್ಪು ಕಾಗದದ ಮೇಲೆ, ಕಿಟಕಿಯ ಬೆಳಕಿನಲ್ಲಿ ಹರಡಿ ನೋಡಿ. ಚೆನ್ನಾಗಿ ಒಣಗಿದ ರೊಬಸ್ಟಾ ಚೆರ್ರಿ ಬೀಜ ಹೊಂಬಣ್ಣಕ್ಕೆ ತಿರುಗಿದ ಮಾಸಲು ಹಸಿರು. ಸಣ್ಣಗೆ, ಸುಕ್ಕಾಗಿ, ಬೆಳ್ಳಿಪೊರೆ (ಬೀಜದ ಮೇಲಿನ ತೆಳು ಪೊರೆ) ಅಂಟಿಕೊಂಡಿರುವುದು ಎಳೆಗಾಯಿಯದು. ಗುಂಡುಸೂಜಿ ಚುಚ್ಚಿದಂಥ ತೂತು ಇದ್ದರೆ ಅದು ಕಾಯಿ ಕೊರಕ ಹುಳುವಿನ ಕೆಲಸ. ಕೊಯ್ಲಿನ ನಂತರ ಗಿಡದಲ್ಲೂ ನೆಲದಲ್ಲೂ ಉಳಿದ ಕಾಯಿ ಆರಿಸದ ತೋಟದ ಮಾಲು ಅದು. ಕೊನೆಗೆ ಬೊಗಸೆಯಲ್ಲಿ ಹಿಡಿದು ಬಿಸಿಯುಸಿರು ಬಿಟ್ಟು ಮೂಸಿ ನೋಡಿ. ಮಣ್ಣು, ಹುಳಿ, ಬೂಷ್ಟು ಯಾವುದರ ವಾಸನೆ ಬಂದರೂ ದರ ಕೇಳುವುದೇ ಬೇಡ. ಅಬಿಜಾನ್ ಅಥವಾ ಸಾನ್ ಪೆದ್ರೊ ಬಂದರಿನಿಂದ ಹೊರಡುವ ಕಂಟೈನರಿಗೆ ಒಳಗಡೆ ರಟ್ಟು ಹೊದಿಸಿ, ತೇವ ಹೀರುವ ಚೀಲ ತೂಗುಹಾಕಿಸಿ. ಇಲ್ಲದಿದ್ದರೆ ರಾತ್ರಿಯ ತಂಪಿಗೆ ಚಾವಣಿ ಬೆವರಿ ಮೇಲಿನ ಸಾಲಿನ ಮೂಟೆಗಳು ನೆನೆಯುತ್ತವೆ.

ಸುಂಕದ ವಿಚಾರ ಲೇಖನದಲ್ಲಿ ಇರಲೇ ಇಲ್ಲ. ಹುರಿಯದ ಹಸಿ ಬೀಜಕ್ಕೆ ಭಾರತದ ಆಮದು ಸುಂಕ ಶೇ. 100. ಸಂಸ್ಕರಿಸಿ ಮರುರಫ್ತು ಮಾಡುವ ಇನ್‌ಸ್ಟಂಟ್ ಕಾರ್ಖಾನೆಗಳಿಗೆ ಸುಂಕವಿಲ್ಲದೆ ತರುವ ದಾರಿಯಿದೆ. ಮುಂಬಯಿಯ ಮಾಟುಂಗಾದಲ್ಲಿ ಪುಡಿ ಮಾಡಿ ಮಾರುವವರಿಗೆ ಇದು ಗಿಟ್ಟುವ ಲೆಕ್ಕವಲ್ಲ.

ಇನ್ನೊಂದು ಕೈಮುಗಿದು ಕೇಳುವ ಮಾತು. ಐವರಿ ಕೋಸ್ಟ್‌ಗೆ ಹೋಗಿ ಬರುವವರು ಬಿತ್ತನೆ ಬೀಜ, ಸಸಿ, ಕಡ್ಡಿ ಯಾವುದನ್ನೂ ಊರಿಗೆ ತರಬೇಡಿ. ಫ್ಯುಸೇರಿಯಂ ಶಿಲೀಂಧ್ರದಿಂದ ಬರುವ ಸೊರಗು ರೋಗ 1930–50ರ ದಶಕಗಳಲ್ಲಿ ಆ ಭಾಗದ ತೋಟಗಳನ್ನು ಮಲಗಿಸಿತ್ತು. ಎಲೆ ಹಳದಿಯಾಗಿ ಜೋತುಬೀಳುತ್ತದೆ, ತೊಗಟೆ ಕೆತ್ತಿದರೆ ಮರದಲ್ಲಿ ನೀಲಿಗಪ್ಪು ಗೆರೆ ಕಾಣುತ್ತದೆ, ಆಮೇಲೆ ಗಿಡ ಉಳಿಯುವುದಿಲ್ಲ. ನಿಂತಲ್ಲೇ ಕಿತ್ತು ಸುಡುವುದೊಂದೇ ಉಪಾಯ. ನಮ್ಮ ಮಲೆನಾಡಿಗೆ ಈ ರೋಗ ಇನ್ನೂ ಕಾಲಿಟ್ಟಿಲ್ಲ.

ಕಡೆಯದಾಗಿ ಒಂದು ತಿದ್ದುಪಡಿ. ಲೇಖನದ ಲಾಭದ ಪಟ್ಟಿಯಲ್ಲಿ 100 ಕಿಲೋ ಹಸಿಹಣ್ಣಿಗೆ 50 ಕಿಲೋ ಬೀಜ ಎಂದು ಹಿಡಿಯಲಾಗಿದೆ. ಅರ್ಧದಷ್ಟು ಬೀಜ ಸಿಗುವುದು ಒಣಗಿದ ಚೆರ್ರಿಯಿಂದ. 100 ಕಿಲೋ ಹಸಿಹಣ್ಣಿಗೆ ಕೈಸೇರುವುದು 20ರಿಂದ 22 ಕಿಲೋ. ಅಂದರೆ ಪಟ್ಟಿಯ ಆದಾಯದ ಅಂಕಿಗಳೆಲ್ಲ ಅರ್ಧಕ್ಕಿಂತ ಕೆಳಗೆ ಇಳಿಯುತ್ತವೆ. ಇದನ್ನು ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಕಾಫಿ ಬೀಜದ ವ್ಯಾಪಾರದಲ್ಲಿರುವ ಕೆಲವು ಓದುಗರು
ಮಾಟುಂಗಾ ಮತ್ತು ವಾಶಿ, ಮುಂಬಯಿ