ಕೆಲಸ ಮುಗಿದ ಮೇಲೆ ಬೇಡವಾದ ಯೋಧ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಯುದ್ಧಚಿತ್ರಗಳ ಲೇಖನವು 1982ರ ‘ಫಸ್ಟ್ ಬ್ಲಡ್’ ಚಿತ್ರವನ್ನು ಮೈಕಟ್ಟು, ಮಷಿನ್‌ಗನ್ನುಗಳ ಹೊಡೆದಾಟದ ಸಿನಿಮಾಗಳ ಸಾಲಿಗೆ ಸೇರಿಸಿರುವುದು ಸರಿಯಲ್ಲ. ರ‍್ಯಾಂಬೊ ಎಂದೊಡನೆ ಕಣ್ಣ ಮುಂದೆ ಬರುವ ಆಸಾಮಿ ಮುಂದಿನ ಭಾಗಗಳವನು. ಮೊದಲ ಚಿತ್ರದ ಜಾನ್ ರ‍್ಯಾಂಬೊ ವಿಯೆಟ್ನಾಂ ಯುದ್ಧದಿಂದ ಮರಳಿ, ನೆಲೆಯಿಲ್ಲದೆ ಅಲೆಯುತ್ತಿರುವ ಮನುಷ್ಯ. ಊರಿಗೆ ಕಾಲಿಟ್ಟ ತಪ್ಪಿಗೆ ಅಲ್ಲಿನ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಅವನನ್ನು ಹೊರಗಟ್ಟುತ್ತಾನೆ.

ಅದಕ್ಕೂ ಮೊದಲು ಬರುವ ಚಿಕ್ಕ ದೃಶ್ಯವನ್ನು ಹೆಚ್ಚಿನವರು ಗಮನಿಸಿರಲಾರರು. ಜೊತೆಗಾರ ಸೈನಿಕನ ವಿಳಾಸ ಹಿಡಿದು ಹೋದವನಿಗೆ, ಬಟ್ಟೆ ಒಣಹಾಕುತ್ತಿದ್ದ ಮನೆಯ ಹೆಂಗಸು, ಅವನು ಕ್ಯಾನ್ಸರಿನಿಂದ ತೀರಿಕೊಂಡನೆಂದೂ, ಕೊನೆಗೆ ತಾನೇ ಹಾಸಿಗೆಯಿಂದ ಎತ್ತುವಷ್ಟು ಸವೆದುಹೋಗಿದ್ದನೆಂದೂ ಹೇಳುತ್ತಾಳೆ. ಯುದ್ಧಭೂಮಿಯಲ್ಲಿ ಸಿಂಪಡಿಸಿದ ‘ಏಜೆಂಟ್ ಆರೆಂಜ್’ ಅದಕ್ಕೆ ಕಾರಣವೆಂಬುದು ಅವಳ ಮಾತು. ಕಾಡಿನ ಎಲೆ ಉದುರಿಸಲೆಂದು ಅಮೆರಿಕದ ಸೇನೆಯೇ ಸುರಿದ ಆ ರಾಸಾಯನಿಕಕ್ಕೂ ಯೋಧರ ಕೆಲವು ರೋಗಗಳಿಗೂ ಇರುವ ನಂಟನ್ನು ಒಪ್ಪಿ ಪರಿಹಾರಕ್ಕೆ ದಾರಿ ಮಾಡಿದ ಕಾನೂನು ಅಲ್ಲಿ ಬಂದದ್ದು 1991ರಲ್ಲಿ, ಸಿಂಪಡಣೆ ನಿಂತು 20 ವರ್ಷಗಳಾದ ಮೇಲೆ. (ಅದೇ ವಿಷದಡಿ ಬದುಕಿದ ವಿಯೆಟ್ನಾಮಿನ ಜನರ ಬಗ್ಗೆ ಚಿತ್ರಕ್ಕೆ ಕಾಳಜಿಯೇ ಇಲ್ಲವೆಂಬುದು ನನ್ನ ಇನ್ನೊಂದು ತಕರಾರು.)

ಚಿತ್ರದ ತಿರುಳು ಇರುವುದು ಕರ್ನಲ್ ಟ್ರೌಟ್‌ಮನ್‌ನಲ್ಲಿ. ರ‍್ಯಾಂಬೊನನ್ನು ತರಬೇತಿ ಕೊಟ್ಟು ರೂಪಿಸಿದವನು ತಾನೇ ಎಂದು ಅಭಿಮಾನದಿಂದ ಹೇಳಿಕೊಳ್ಳುವ ಈ ಅಧಿಕಾರಿ ಬರುವುದು ಶಿಷ್ಯ ಪೊಲೀಸರ ಮೇಲೆ ತಿರುಗಿಬಿದ್ದ ನಂತರ. ಅದಕ್ಕೆ ಮುಂಚೆ ತಾನು ಸಂಪರ್ಕಿಸಲು ಯತ್ನಿಸಿದ್ದೆ, ಆದರೆ ನೀವೆಲ್ಲಿದ್ದೀರೆಂದು ಸೇನಾನೆಲೆಯವರಿಗೇ ಗೊತ್ತಿರಲಿಲ್ಲ ಎಂದು ರ‍್ಯಾಂಬೊ ವೈರ್‌ಲೆಸ್ಸಿನಲ್ಲಿ ಹೇಳುವಾಗ ಕರ್ನಲ್ ಬಳಿ ತಕ್ಕ ಉತ್ತರವಿರುವುದಿಲ್ಲ. ಅವನು ಕೆಟ್ಟವನಲ್ಲ, ದ್ರೋಹಿಯೂ ಅಲ್ಲ. ಯುದ್ಧ ಮುಗಿಯಿತು, ಬೇರೆ ಕೆಲಸಕ್ಕೆ ಹೋದ, ಅಷ್ಟೇ. ಅಲ್ಲಿ ಹತ್ತು ಲಕ್ಷ ಡಾಲರ್ ಬೆಲೆಯ ಸಾಮಗ್ರಿಯನ್ನು ನಂಬಿ ಒಪ್ಪಿಸಿದವರು ಇಲ್ಲಿ ಕಾರು ನಿಲ್ಲಿಸುವ ನೌಕರಿಯನ್ನೂ ಕೊಡುತ್ತಿಲ್ಲವೆಂದು ರ‍್ಯಾಂಬೊ ಕೊನೆಯಲ್ಲಿ ಅಳುವುದು ಇದೇ ಕರ್ನಲ್ಲನ ಎದುರು.

1985ರ ಎರಡನೆಯ ಭಾಗದಲ್ಲಿ ಸರ್ಕಾರಕ್ಕೆ ಮತ್ತೆ ಅವನ ನೆನಪಾಗುತ್ತದೆ, ಏಕೆಂದರೆ ಮತ್ತೆ ಕೆಲಸ ಬಿದ್ದಿರುತ್ತದೆ. ಜೈಲಿನಲ್ಲಿ ಕಲ್ಲು ಒಡೆಯುತ್ತಿದ್ದವನನ್ನು ಕ್ಷಮಾದಾನದ ಆಸೆ ತೋರಿಸಿ ವಿಯೆಟ್ನಾಮಿಗೆ ಕಳುಹಿಸುತ್ತಾರೆ. ಅವನು ಯುದ್ಧಕೈದಿಯೊಬ್ಬನನ್ನು ನಿಜಕ್ಕೂ ಹುಡುಕಿ ತಂದಾಗ, ಮರ್ಡಾಕ್ ಎಂಬ ಅಧಿಕಾರಿ ಹೆಲಿಕಾಪ್ಟರನ್ನು ವಾಪಸ್ ಕರೆಸಿಕೊಂಡು ಇಬ್ಬರನ್ನೂ ಅಲ್ಲೇ ಬಿಟ್ಟುಬಿಡುತ್ತಾನೆ. ಕೈಬಿಟ್ಟ ನಾಯಕತ್ವವನ್ನು ಇಷ್ಟು ನೇರವಾಗಿ ತೋರಿಸಿದ ಭಾಗವೇ ನನ್ನ ದೃಷ್ಟಿಯಲ್ಲಿ ದುರ್ಬಲ. ಇಲ್ಲಿ ಬೈಯಲು ಒಬ್ಬ ಖಳ ಸಿಕ್ಕಿಬಿಟ್ಟ. ಅವನನ್ನು ಚಾಕು ತೋರಿಸಿ ಹೆದರಿಸಿದರೆ ಪ್ರೇಕ್ಷಕರಿಗೆ ಲೆಕ್ಕ ಚುಕ್ತಾ ಆದಂತೆ. ಮೊದಲ ಚಿತ್ರದಲ್ಲಿ ಯಾರ ಕೊರಳಪಟ್ಟಿ ಹಿಡಿಯಬೇಕೆಂದು ರ‍್ಯಾಂಬೊನಿಗೂ ತಿಳಿಯದು, ನಮಗೂ ತಿಳಿಯದು.

ಆದ್ದರಿಂದ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೆಸರಿಸದೆ, ಮೊದಲನೆಯದರ ಕುರಿತು ಪುರವಣಿಯಲ್ಲಿ ಪ್ರತ್ಯೇಕ ಲೇಖನವೊಂದನ್ನು ಬರೆಸಬೇಕೆಂದು ವಿನಂತಿಸುತ್ತೇನೆ.

ಇತಿ,
ಚಿತ್ರಾಸಕ್ತ ಓದುಗ, ಧಾರವಾಡ