ಎರಡೆರಡು ಪಾತ್ರ ಆಡಿಸುವವರಿಗೆ

ಗೆಳೆಯರೇ, ಬಾಲ್ಡರ್ಸ್ ಗೇಟ್ 3 ಎಂಬ ವಿಡಿಯೋ ಗೇಮ್‌ನಲ್ಲಿ ತಂಡಕ್ಕೆ 4 ಪಾತ್ರ. ಈ ವಾರ ಇಬ್ಬರೇ ಇರುವುದರಿಂದ ತಲಾ ಎರಡು. ಜೊತೆಗಾರ ಪಾತ್ರ ಯಾರ ಕೈಯಲ್ಲಿರಬೇಕು ಅನ್ನುವುದನ್ನು ಸೆಷನ್ ಮೆನುವಿನಲ್ಲಿ ಹೋಸ್ಟ್ (ಆಟ ನಡೆಸಿಕೊಡುವವರು) ಬದಲಿಸಬಹುದು. ಬೇಕಾದರೆ ಕೇಳಿ, ಸುಮ್ನೆ ಜಗಳ ಬೇಡ.

ಜಾಸ್ತಿ ಕಿರಿಕಿರಿ ಆಗುವುದು ಮಾತುಕತೆಯಲ್ಲಿ. ಯಾರ ಪಾತ್ರ ಮಾತು ಶುರು ಮಾಡುತ್ತದೋ, ಉತ್ತರ ಆರಿಸುವುದೂ ಅವರೇ. ಇನ್ನೊಬ್ಬರು ಕೇಳಿಸಿಕೊಳ್ಳಬಹುದು. ಹಾಗಾಗಿ ಮಾತು ಬಲ್ಲ ಪಾತ್ರವನ್ನೇ ಮುಂದೆ ಬಿಡಿ. ಹೋದ ಸಲ ನನ್ನ ಒರಟ ಬಾರ್ಬೇರಿಯನ್ (ಸಿಟ್ಟಿನ ಯೋಧ ಪಾತ್ರ) ಮೊದಲು ಬಾಯಿ ಬಿಟ್ಟ, ಹೊಡೆದಾಟವೇ ಆಯಿತು!

ನೀವು ಒಂದನ್ನು ನಡೆಸುವಾಗ ಇನ್ನೊಂದು ಹಿಂದೆಯೇ ಬರುತ್ತದೆ. ಬಲೆ ಕಂಡರೆ ಮೊದಲು ಆ ಹಿಂದಿನ ಪಾತ್ರವನ್ನು ಗುಂಪಿನಿಂದ ಬಿಡಿಸಿ ನಿಲ್ಲಿಸಿ.

ಮಧ್ಯದಲ್ಲಿ ಎದ್ದು ಹೋಗುವವರು ಹೇಳಿ ಹೋಗಿ. ಅಕೌಂಟ್ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ.