ಕೆಟ್ಟ ಅಕ್ಷರ ಗುರುತಿಸಿದವರಿಗೆ, ಕಣ್ಣಿನ ಉಂಗುರ ಹುಡುಕಿಸಿದವರಿಗೆ

ಹೋದ ಸೋಮವಾರದಿಂದ ನನ್ನ ತಮ್ಮ ಮತ್ತೆ ಪ್ರೆಸ್ಸಿಗೆ ಹೋಗುತ್ತಿದ್ದಾನೆ. ಸದ್ಯಕ್ಕೆ ಅರ್ಧ ದಿನ. ಬೈಂಡಿಂಗ್ ಕೆಲಸಕ್ಕೆ ಕೈ ಇನ್ನೂ ನಡುಗುತ್ತದೆ, ಅದಕ್ಕೆ ಪ್ರೂಫ್ ನೋಡುತ್ತಾನೆ. ಗದಗದಲ್ಲಿ ಸಿಕ್ಕವರೆಲ್ಲ "ಏನಾಗಿತ್ತು?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳಿ ಸಾಕಾಗಿದೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದಿದ್ದಾನೆ.

ಅವನಿಗಿರುವುದು ವಿಲ್ಸನ್ ಕಾಯಿಲೆ. ಊಟದಲ್ಲಿ ಬರುವ ತಾಮ್ರದಲ್ಲಿ ಮೈಗೆ ಬೇಕಾದಷ್ಟು ಉಳಿಸಿಕೊಂಡು, ಮಿಕ್ಕಿದ್ದನ್ನು ಲಿವರ್ ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಇವನ ಲಿವರಿಗೆ ಹುಟ್ಟಿನಿಂದಲೇ ಆ ಕೆಲಸ ಬರುವುದಿಲ್ಲ. ತಾಮ್ರ ಮೊದಲು ಲಿವರಿನಲ್ಲಿ, ಆಮೇಲೆ ಮಿದುಳಿನಲ್ಲಿ, ಕಣ್ಣಿನಲ್ಲಿ ಸೇರಿಕೊಳ್ಳುತ್ತದೆ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಅನ್ನುತ್ತಾರೆ. ಕಿನ್ನಿಯರ್ ವಿಲ್ಸನ್ ಎಂಬ ವೈದ್ಯರು 1912ರಲ್ಲೇ ಇದನ್ನು ವಿವರಿಸಿದ್ದರು.

ನಮ್ಮ ಮನೆಗೆ ಮಾತ್ರ ಇದು ಸಿಟ್ಟಾಗಿ ಬಂತು. ಮೆತ್ತಗೆ ಮಾತಾಡುವ ಹುಡುಗ ತಾಟು ಎಸೆಯತೊಡಗಿದ. ರಾತ್ರಿ ನಿದ್ದೆ ಇಲ್ಲ, ಸುಮ್ನೆ ನಗು, ಎಲ್ಲರ ಮೇಲೂ ಅನುಮಾನ. "ಮದುವಿ ಮಾಡ್ರಿ, ತಾನ ಸರಿ ಹೋಗ್ತಾನ" ಅಂದವರೂ ಇದ್ದರು. ಎಲ್ಲ ರೋಗಕ್ಕೂ ಅದೊಂದೇ ಔಷಧ ನೋಡಿ! ಒಂದು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ಅಂದರು, ಗುಳಿಗೆ ಕೊಟ್ಟರು. ಮೈ ಸೆಟೆಯಿತು, ಜೊಲ್ಲು ಸುರಿಯಿತು, ಮಾತು ತೊದಲಿತು. ಗುಳಿಗೆಯ ಅಡ್ಡ ಪರಿಣಾಮ ಅಂದರು. ಅದು ಪೂರ್ತಿ ಸುಳ್ಳೂ ಅಲ್ಲ. ಆ ಗುಳಿಗೆಗಳಿಂದ ಮೈ ಬಿಗಿಯುವುದುಂಟು, ವಿಲ್ಸನ್ ಇದ್ದವರಿಗೆ ಇನ್ನೂ ಜಾಸ್ತಿ. ರೋಗ ಯಾವುದು, ಗುಳಿಗೆಯ ಕಾಟ ಯಾವುದು ಅಂತ ಗೊತ್ತಾಗದೆ ನಾವು ಒದ್ದಾಡಿದೆವು.

ಈ ಗಂಟು ಬಿಡಿಸಿದವರು ಡಾಕ್ಟರಲ್ಲ, ಪ್ರೆಸ್ಸಿನ ಮಾಲೀಕರು. ನನ್ನ ತಮ್ಮ ಬರೆದ ಹಳೆಯ ಬಿಲ್ ಬುಕ್ಕುಗಳನ್ನು ಚೀಲದಲ್ಲಿ ಹಾಕಿಕೊಂಡು ಮನೆಗೇ ಬಂದರು. "ಅಕ್ಕಾರ, ಇವನ ಅಕ್ಷರ ನೋಡ್ರಿ" ಅಂದರು. ದುಂಡಗಿದ್ದ ಬರಹ ತಿಂಗಳು ತಿಂಗಳಿಗೆ ಸಣ್ಣದಾಗಿ, ಸೊಟ್ಟಗಾಗಿ, ಕೊನೆಗೆ ಓದಲು ಬಾರದಂತಾಗಿತ್ತು. ಬಿಲ್ಲಿನ ಮೇಲೆ ತಾರೀಖು ಇತ್ತಲ್ಲ. ಗುಳಿಗೆ ಶುರುವಾಗುವ ಎಷ್ಟೋ ಮೊದಲೇ ಕೈ ಕೆಟ್ಟಿತ್ತು! ಸರ್, ನಿಮಗೆ ಮೊದಲ ನಮಸ್ಕಾರ. ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳದೆ ಕಾದದ್ದಕ್ಕೆ ಇನ್ನೊಂದು.

ಆ ಬುಕ್ಕುಗಳನ್ನು ಧಾರವಾಡದ ಮಾನಸಿಕ ಆರೋಗ್ಯ, ನರರೋಗದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಒಯ್ದೆವು. ಅಲ್ಲಿನ ಮೇಡಂ ಒಂದೊಂದೇ ಹಾಳೆ ತಿರುವಿ ನೋಡಿದರು. "ಸಣ್ಣವರಿದ್ದಾಗ ಇವರಿಗೆ ಕಾಮಣಿ ಆಗಿತ್ತೇನ್ರಿ?" ಆಗಿತ್ತು. ನಾಟಿ ಔಷಧ ಹಾಕಿಸಿದ್ದರು, ಹೋಗಿತ್ತು. "ಅಪ್ಪ ಅವ್ವ ಸಂಬಂಧದಾಗ ಮದುವಿ ಆಗ್ಯಾರೇನ್ರಿ?" ಹೌದು, ಅಪ್ಪ ಅವ್ವನಿಗೆ ಸೋದರಮಾವ. ಇಬ್ಬರ ಕಡೆಯಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಈ ರೋಗವಂತೆ. ಮೇಡಂ ಹೊಸ ಗುಳಿಗೆ ಬರೆಯಲಿಲ್ಲ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರಿಗೆ ಚೀಟಿ ಬರೆದರು. ಹುಚ್ಚಿಗೂ ಕಣ್ಣಿಗೂ ಏನು ಸಂಬಂಧ ಅಂತ ಅಪ್ಪ ದಾರಿಯುದ್ದಕ್ಕೂ ಗೊಣಗಿದರು. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದಾಗ ಕರಿಗುಡ್ಡೆಯ ಅಂಚಿಗೆ ಕಂದು ಹಸಿರು ಉಂಗುರ. ಕಣ್ಣಿನಲ್ಲಿ ಸೇರಿದ ತಾಮ್ರವೇ ಅದು, ಕೈಸರ್ ಫ್ಲೈಷರ್ ಉಂಗುರ ಅಂತ ಹೆಸರು. ನಮ್ಮಂಥ ಕಪ್ಪು ಕಣ್ಣಿನವರಲ್ಲಿ ಬರಿಗಣ್ಣಿಗೆ ಕಾಣುವುದು ಕಷ್ಟ. ಆಮೇಲೆ ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನು ಕಡಿಮೆ ಬಂತು, 24 ಗಂಟೆ ಕೂಡಿಸಿದ ಮೂತ್ರದಲ್ಲಿ ತಾಮ್ರ ಜಾಸ್ತಿ ಬಂತು. ಆ ಕ್ಯಾನನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತ ಕಾಕಾನಿಗೂ ಥ್ಯಾಂಕ್ಸ್!

ಮೊದಲಿನ ಡಾಕ್ಟರುಗಳ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು ಮೂರು ದಶಕದಲ್ಲಿ ನೋಡಿದ 282 ವಿಲ್ಸನ್ ರೋಗಿಗಳ ಬಗ್ಗೆ 2007ರಲ್ಲಿ ಬರೆದಿದ್ದಾರೆ. ಅಷ್ಟು ದೊಡ್ಡ ಆಸ್ಪತ್ರೆಗೇ ಇಷ್ಟು ಜನ ಅಂದಮೇಲೆ ಊರಿನ ಡಾಕ್ಟರಿಗೆ ಥಟ್ಟನೆ ಹೊಳೆಯಬೇಕು ಅನ್ನುವುದು ಹೇಗೆ? ಆದರೆ ಮೇಡಂ, "ಇದು ಬರೇ ನನ್ನ ವಿಭಾಗದ್ದಲ್ಲ ಅನಸ್ತದ" ಅಂತ ನೀವು ಬಾಯಿಬಿಟ್ಟು ಹೇಳಿದಿರಲ್ಲ, ಅಲ್ಲಿಂದ ನಮ್ಮ ದಾರಿ ಬದಲಾಯಿತು.

ಈಗ ಪೆನಿಸಿಲಮಿನ್ ನಡೆದಿದೆ. 1956ರಿಂದ ಬಳಕೆಯಲ್ಲಿರುವ ಮದ್ದು, ಮೈಯಲ್ಲಿನ ತಾಮ್ರ ಹಿಡಿದು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು, ಜೊತೆಗೆ ಬಿ6 ವಿಟಮಿನ್. ಶುರುವಿಗೆ ನಡುಕ ಇನ್ನೂ ಹೆಚ್ಚಾಯಿತು. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರು, ಇಲ್ಲದಿದ್ದರೆ ನಾವು ಬಿಡಿಸಿಬಿಡುತ್ತಿದ್ದೆವು. ಅವ್ವ ತಾಮ್ರದ ಕೊಡ ಅಟ್ಟಕ್ಕೆ ಹಾಕಿದ್ದಾಳೆ. ಅವುಗಳಲ್ಲೂ ತಾಮ್ರ ಇರುತ್ತದೆ ಅಂತ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯೂ ಸದ್ಯಕ್ಕೆ ಬಂದ್. ರೊಟ್ಟಿ ತಿನ್ನುವ ಮನೆಯಲ್ಲಿ ಇದೇನು ಸಣ್ಣ ಶಿಕ್ಷೆಯೇ? ಮೊಸರು, ಪಲ್ಯದಲ್ಲೇ ಊಟ ಮುಗಿಸುವ ತಮ್ಮ ಒಮ್ಮೆಯೂ ಗೊಣಗಿಲ್ಲ.

ಒಡಹುಟ್ಟಿದವರಿಗೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ, ಎಲ್ಲರನ್ನೂ ತೋರಿಸಿ ಅಂದಿದ್ದರು. ನನಗಿಲ್ಲ. ಕಾಲೇಜಿಗೆ ಹೋಗುವ ತಂಗಿಗೆ ಇದೆ. ಒಂದು ಲಕ್ಷಣವೂ ಇಲ್ಲದ ಹುಡುಗಿ, ಜಿಂಕ್ ಗುಳಿಗೆ ತೆಗೆದುಕೊಳ್ಳುತ್ತಾ ಆರಾಮಾಗಿ ಓಡಾಡಿಕೊಂಡಿದ್ದಾಳೆ. ಅವಳ ಪಾಲಿನ ಥ್ಯಾಂಕ್ಸನ್ನು ಅವಳೇ ಮೇಡಂಗೆ ಹೇಳಿ ಬಂದಳು.

ತಮ್ಮ ಪೂರ್ತಿ ಸರಿಯಾದನಾ? ಇಲ್ಲ. ಮಾತು ಇನ್ನೂ ನಿಧಾನ, ಗುಳಿಗೆ ಜೀವನಪೂರ್ತಿ. ಪ್ರೆಸ್ಸಿಗೆ ಹೋದರೆ ಅವನನ್ನೇ ಮಾತಾಡಿಸಿ, ಉತ್ತರ ಬರುವ ತನಕ ಸ್ವಲ್ಪ ಕಾಯಿರಿ. ನಿಮ್ಮ ಕಡೆ ಯಾರಿಗಾದರೂ ಇದೇ ಕಾಯಿಲೆ ಇದ್ದು ಪೆನಿಸಿಲಮಿನ್ ಸಿಗುತ್ತಿಲ್ಲ ಅಂದರೆ ನನಗೆ ಮೆಸೇಜ್ ಮಾಡಿ. ತರಿಸಿಕೊಡುವ ಅಂಗಡಿ ಯಾವುದು ಅಂತ ಹೇಳುತ್ತೇನೆ.